ಕಪಿಲೆಯ ದಡದ ಸಣ್ಣ ಸುಖಗಳು

ನಂಜನಗೂಡು ಎಂದರೆ ನಂಜುಂಡೇಶ್ವರ, ತಿ. ನರಸೀಪುರ ಎಂದರೆ ತ್ರಿವೇಣಿ ಸಂಗಮ. ಹೊರಗಿನವರಿಗೆ ಈ ಎರಡು ಊರುಗಳ ಪರಿಚಯ ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲುತ್ತದೆ. ಬೆಳಿಗ್ಗೆ ಕಾರಿನಲ್ಲಿ ಬಂದು, ದೇವರಿಗೆ ಕೈಮುಗಿದು, ಪ್ರಸಾದ ತೆಗೆದುಕೊಂಡು, ಊಟದ ಹೊತ್ತಿಗೆ ಮೈಸೂರು ಸೇರಿಬಿಡುವವರೇ ಹೆಚ್ಚು. ಊಟಿ ರಸ್ತೆಯಲ್ಲಿ ಹೋಗುವವರಿಗಂತೂ ನಂಜನಗೂಡು ಕಿಟಕಿಯಾಚೆ ಕಂಡು ಮರೆಯಾಗುವ ಒಂದು ಗೋಪುರ.

ಆದರೆ ಈ ಎರಡು ತಾಲ್ಲೂಕುಗಳ ಜನ ಬಹಳ ಹಿಂದಿನಿಂದಲೂ ದಿನದ ದುಡಿಮೆಯ ನಡುವೆ ಸಣ್ಣಪುಟ್ಟ ಸಂತೋಷಗಳನ್ನು ತಾವೇ ಕಂಡುಕೊಂಡವರು. ಒಂದು ಹಣ್ಣಿನ ರುಚಿ, ಒಂದು ವಾದ್ಯದ ದನಿ, ನೂಲುವ ಚರಕ, ರಾತ್ರಿಯಿಡೀ ನಡೆಯುವ ನಾಟಕ, ಚಳಿಗಾಲಕ್ಕೆ ಬರುವ ಹಕ್ಕಿ — ಇವಕ್ಕೆ ದೊಡ್ಡ ಖರ್ಚಿಲ್ಲ, ಬೇಕಾದದ್ದು ಸ್ವಲ್ಪ ಬಿಡುವು. ಮೈಸೂರು, ಬೆಂಗಳೂರುಗಳ ಧಾವಂತದಲ್ಲಿ ಬೇಸತ್ತವರು ಒಂದು ಇಡೀ ದಿನವನ್ನು ಇಲ್ಲಿಗೆಂದೇ ಎತ್ತಿಡಬೇಕು.

ಕೇರಳದ ವಯನಾಡಿನಲ್ಲಿ ಹುಟ್ಟುವ ಕಪಿಲೆ, ಅಂದರೆ ಕಬಿನಿ, ನಂಜನಗೂಡನ್ನು ಮುಟ್ಟಿ, ಸುತ್ತೂರನ್ನು ಬಳಸಿ, ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅವಳ ದಾರಿಯನ್ನೇ ಹಿಡಿದು ಹೊರಟರೆ ಈ ಸೀಮೆ ಚೆನ್ನಾಗಿ ಅರ್ಥವಾಗುತ್ತದೆ.

ಹಳೆಯ ಸೇತುವೆ, ಎತ್ತರದ ಗೋಪುರ

ಮೈಸೂರಿನಿಂದ ನಂಜನಗೂಡಿಗೆ ಸುಮಾರು 25 ಕಿ.ಮೀ. ಚಾಮರಾಜನಗರದ ಪ್ಯಾಸೆಂಜರ್ ರೈಲು ಹತ್ತಿದರೆ ಕಡಕೊಳ ದಾಟಿ ಹೊಳೆ ಬರುವ ಹೊತ್ತಿಗೆ ಬಾಗಿಲ ಬಳಿ ನಿಂತವರೆಲ್ಲ ಹೊರಗೆ ಇಣುಕುತ್ತಾರೆ. ಅಲ್ಲಿ ಕಾಣುವ ಹಳೆಯ ಸೇತುವೆಯನ್ನು ಕಟ್ಟಿಸಿದ್ದು 1735ರಲ್ಲಿ, ದಳವಾಯಿ ದೇವರಾಜಯ್ಯ. ಮೈಸೂರಿನ ದಳವಾಯಿಗಳ ಮೂಲ ಇದೇ ನಂಜನಗೂಡಿನ ಮಗ್ಗುಲಿನ ಕಳಲೆ. ಎತ್ತಿನ ಗಾಡಿಗಳಿಗೆಂದು ಕಟ್ಟಿದ ಆ ಸೇತುವೆಯ ಮೇಲೆ 1891ರಲ್ಲಿ ರೈಲು ಬಂತು. ಮೀಟರ್ ಗೇಜ್ ಹಳಿ ಇರುವವರೆಗೂ ರಸ್ತೆ, ರೈಲು ಎರಡನ್ನೂ ಅದೇ ಹೊತ್ತಿತು. ಬ್ರಾಡ್ ಗೇಜ್ ಬಂದ ಮೇಲೆ ಅದಕ್ಕೆ ವಿಶ್ರಾಂತಿ. ರೈಲಿನ ಹುಚ್ಚು ಇರುವವರಿಗೆ, ಕ್ಯಾಮೆರಾ ಹಿಡಿದು ತಿರುಗುವವರಿಗೆ ಈ ಸೇತುವೆಯ ಕಮಾನುಗಳ ಬಳಿ ಒಂದು ಬೆಳಗು ಸಾಲದು.

ನಂಜುಂಡೇಶ್ವರನ, ಅಂದರೆ ಶ್ರೀಕಂಠೇಶ್ವರನ, ದೇವಾಲಯದ ಏಳು ಅಂತಸ್ತಿನ ರಾಜಗೋಪುರವನ್ನು 1845ರಲ್ಲಿ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ. ಮುಖ್ಯ ದರ್ಶನ ಮುಗಿದ ಕೂಡಲೇ ಹೊರಬರದೆ ಪ್ರಾಕಾರದಲ್ಲಿ ಒಂದು ಸುತ್ತು ನಿಧಾನವಾಗಿ ಹಾಕಿ. ಶಿವನ ಲೀಲಾಮೂರ್ತಿಗಳು, ಗಣಪತಿಯ ನಾನಾ ರೂಪಗಳು, ಸಾಲಾಗಿ ನಿಂತ 63 ಪುರಾತನ ಶಿವಭಕ್ತರು ಅಲ್ಲಿದ್ದಾರೆ. ಒಂದೊಂದು ಮೂರ್ತಿಯ ಮುಂದೆ ನಿಂತು ಅಜ್ಜಿಯರು ಮೊಮ್ಮಕ್ಕಳಿಗೆ ಕಥೆ ಹೇಳುವುದನ್ನು ಕೇಳಬಹುದು. ಟಿಪ್ಪು ಸುಲ್ತಾನನ ಪಟ್ಟದ ಆನೆಯ ಕಣ್ಣಿನ ಬೇನೆ ಇಲ್ಲಿ ಗುಣವಾಯಿತೆಂದೂ, ಅದಕ್ಕಾಗಿ ಅವನು ಪಚ್ಚೆಲಿಂಗ ಒಪ್ಪಿಸಿ ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದನೆಂದೂ ಇರುವ ಕಥೆ ಊರಿನ ಪ್ರತಿ ಮನೆಯಲ್ಲೂ ಇದೆ. ದೇವರನ್ನೇ ವೈದ್ಯನೆಂದು ನಂಬಿದ ಈ ಊರಿನಲ್ಲಿ 1913ರಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆ ತೆರೆದರು. ಅವರ ‘ನಂಜನಗೂಡು ಹಲ್ಲುಪುಡಿ’ ನಾಡಿನ ಎಷ್ಟೋ ಮನೆಗಳ ಬಚ್ಚಲುಮನೆಗೆ ಊರಿನ ಹೆಸರನ್ನು ಕೊಂಡೊಯ್ದಿತು.

ದೊಡ್ಡಜಾತ್ರೆ ಬರುವುದು ಮಾರ್ಚ್-ಏಪ್ರಿಲ್ ಹೊತ್ತಿಗೆ. ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ ಹೀಗೆ ಐದು ತೇರುಗಳು ಒಂದರ ಹಿಂದೊಂದು ಬೀದಿಗಿಳಿಯುತ್ತವೆ. ಶ್ರೀಕಂಠೇಶ್ವರನ ತೇರಿಗೆ ಗೌತಮ ರಥವೆಂದು ಹೆಸರು. ಹೊಸದಾಗಿ ಮದುವೆಯಾದವರು ತೇರಿನತ್ತ ಹಣ್ಣು-ಜವನ ಎಸೆದು ಕೈಮುಗಿಯುತ್ತಾರೆ. ಕಡ್ಲೆಪುರಿ, ಬತ್ತಾಸು, ಕಲ್ಯಾಣಸೇವೆಯ ಅಂಗಡಿಗಳ ಮುಂದೆ ಮಕ್ಕಳ ಹಟ, ಬಳೆ ಅಂಗಡಿಗಳ ಮುಂದೆ ಹೆಣ್ಣುಮಕ್ಕಳ ಗುಂಪು. ಜಾತ್ರೆಯಿಂದ ಒಂದು ಪೊಟ್ಟಣ ಪುರಿಯಾದರೂ ಮನೆಗೆ ಹೋಗಲೇಬೇಕು ಎಂಬುದು ಇಲ್ಲಿನವರ ಲೆಕ್ಕ.

ರಸಬಾಳೆಯ ಸವಿ

ನಂಜನಗೂಡಿನ ಹೆಸರನ್ನು ನಾಲಿಗೆಯ ಮೇಲೆ ಉಳಿಸಿದ್ದು ರಸಬಾಳೆ. ತೆಳು ಸಿಪ್ಪೆ, ಬೆಣ್ಣೆಯಂಥ ತಿರುಳು, ಕೋಣೆ ತುಂಬುವ ಪರಿಮಳ. ಕಪಿಲೆಯ ಬಯಲಿನ ಕಪ್ಪು ಜೇಡಿ ಮಣ್ಣು ಈ ರುಚಿಗೆ ಕಾರಣವೆಂದು ಬೆಳೆಗಾರರು ಹೇಳುತ್ತಾರೆ. ಪನಾಮಾ ಸೊರಗು ರೋಗ ಇದರ ತೋಟಗಳನ್ನು ಹಾಳುಮಾಡಿತು. ಮಣ್ಣಿನಲ್ಲೇ ಉಳಿದು ಬೇರಿನಿಂದ ಏರುವ ಶಿಲೀಂಧ್ರವಾದ್ದರಿಂದ ಒಮ್ಮೆ ಹೊಕ್ಕ ಹೊಲದಲ್ಲಿ ಮತ್ತೆ ಅದೇ ಬಾಳೆ ಹಾಕುವುದು ಕಷ್ಟ. ರೈತರು ಬೇರೆ ತಳಿಗಳಿಗೆ, ಬೇರೆ ಬೆಳೆಗಳಿಗೆ ಹೋದರು. ಈಗ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಅಂಗಾಂಶ ಕೃಷಿಯ ಸಸಿಗಳಿಂದ ಮತ್ತೆ ಬೆಳೆಸುವ ಪ್ರಯತ್ನವೂ ನಡೆದಿದೆ. ಅಸಲಿ ರಸಬಾಳೆ ಸಿಕ್ಕರೆ ಬೆಲೆ ನೋಡಿ ಹಿಂಜರಿಯಬೇಡಿ. ಅದನ್ನು ಕೊಳ್ಳುವವರು ಇದ್ದರೆ ಮಾತ್ರ ಬೆಳೆಯುವವರು ಉಳಿಯುತ್ತಾರೆ.

ಓದು, ನೂಲು

ಓದುವ ಖುಷಿಯನ್ನು ಕನ್ನಡದ ಹೆಣ್ಣುಮಕ್ಕಳ ಮನೆಬಾಗಿಲಿಗೆ ಒಯ್ದವರಲ್ಲಿ ಮೊದಲಿಗರು ಈ ಊರಿನವರೇ. 1887ರಲ್ಲಿ ಹುಟ್ಟಿದ ನಂಜನಗೂಡು ತಿರುಮಲಾಂಬ ಚಿಕ್ಕ ವಯಸ್ಸಿಗೇ ವಿಧವೆಯಾದರು. ತಂದೆಯ ಆಸರೆಯಲ್ಲಿ ಮನೆಯಲ್ಲೇ ಓದಿ, ಬರೆದು, ‘ಸತೀ ಹಿತೈಷಿಣಿ’ ಎಂಬ ಗ್ರಂಥಮಾಲೆ ಆರಂಭಿಸಿ, ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನೂ ನಡೆಸಿದರು. ಆ ಕಾಲದಲ್ಲಿ ಹೆಣ್ಣೊಬ್ಬಳು ಮಧ್ಯಾಹ್ನದ ಬಿಡುವಿನಲ್ಲಿ ತನಗಾಗಿ ಒಂದು ಪುಸ್ತಕ ಹಿಡಿದು ಕೂರುವುದು ಸಣ್ಣ ಮಾತಾಗಿರಲಿಲ್ಲ. ಇದೇ ತಾಲ್ಲೂಕಿನ ದೇವನೂರಿನವರು ದೇವನೂರ ಮಹಾದೇವ. ಅವರಿಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ‘ಕುಸುಮಬಾಲೆ’ಯ ಮಾತು ಈ ಸೀಮೆಯ ಆಡುಮಾತೇ. ಆ ಕಾದಂಬರಿ ಓದಿದವರು ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಸುಮ್ಮನೆ ಕೂತರೂ ಸಾಕು, ಕಿವಿಗೆ ಬೀಳುವ ಮಾತಿನ ಲಯದಲ್ಲಿ ಪುಸ್ತಕ ಮತ್ತೆ ತೆರೆದುಕೊಳ್ಳುತ್ತದೆ.

ಚಾಮರಾಜನಗರದ ದಾರಿಯಲ್ಲಿರುವ ಬದನವಾಳಿನಲ್ಲಿ ಖಾದಿ ಕೇಂದ್ರವಿದೆ. ಗಾಂಧೀಜಿ 1927ರಲ್ಲಿ ಇಲ್ಲಿಗೆ ಬಂದಿದ್ದರು. ರಂಗಕರ್ಮಿ ಪ್ರಸನ್ನ 2015ರಲ್ಲಿ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ನಡೆಸಿದ್ದು ಇದೇ ಅಂಗಳದಲ್ಲಿ. ಹಳ್ಳಿಯ ಹೆಣ್ಣುಮಕ್ಕಳು ನೂಲು ತೆಗೆಯುವುದನ್ನು, ಮಗ್ಗದಲ್ಲಿ ಬಟ್ಟೆ ಮೂಡುವುದನ್ನು ನೋಡುವ ಅವಕಾಶ ಸಿಕ್ಕರೆ ಬಿಡಬಾರದು. ಅವರಿಗೆ ಅದು ಅನ್ನದ ಕೆಲಸ ಎಂಬುದನ್ನು ಮರೆಯದೆ ಒಂದು ಪಂಚೆಯನ್ನೋ ಟವೆಲನ್ನೋ ಕೊಂಡು ಬರುವುದು ನೋಡುಗರ ಮರ್ಯಾದೆ.

ಹದಿನಾರಿನ ಹೆಬ್ಬಾತು, ಸುತ್ತೂರಿನ ಜಾತ್ರೆ

ಮೈಸೂರು ಅರಸರ ಮೂಲಪುರುಷ ಯದುರಾಯನ ಕಥೆಯಲ್ಲಿ ಬರುವ ಹದಿನಾಡು ಇಂದಿನ ಹದಿನಾರು ಗ್ರಾಮ. ಹಕ್ಕಿ ನೋಡುವ ಹವ್ಯಾಸಿಗಳಿಗೆ ಈ ಊರು ಗೊತ್ತಿರುವುದು ಕೆರೆಯಿಂದ. ಮಂಗೋಲಿಯಾ, ಟಿಬೆಟ್‌ಗಳಲ್ಲಿ ಮರಿಮಾಡುವ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ಹಾರಿ ದಾಟಿ ಚಳಿಗಾಲ ಕಳೆಯಲು ಇಲ್ಲಿಗೆ ಬರುತ್ತವೆ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಇದರ ಗುರುತು. ಹಗಲಲ್ಲಿ ನೀರಿನ ಮೇಲೆ ವಿರಮಿಸಿ, ಕತ್ತಲಾಗುವ ಹೊತ್ತಿಗೆ ಕೊಯ್ಲಾದ ಗದ್ದೆಗಳಿಗೆ ಮೇಯಲು ಹೊರಡುತ್ತವೆ. ಮಂಗೋಲಿಯಾದಲ್ಲಿ ಸಂಶೋಧಕರು ಕೊರಳಪಟ್ಟಿ ತೊಡಿಸಿದ ಹಕ್ಕಿಗಳನ್ನೂ ಮೈಸೂರಿನ ಹವ್ಯಾಸಿಗಳು ಈ ಕೆರೆಯಲ್ಲಿ ಗುರುತಿಸಿದ್ದಾರೆ. ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಒಳ್ಳೆಯ ಕಾಲ. ಒಂದು ದುರ್ಬೀನು, ಒಂದು ಟಿಪ್ಪಣಿ ಪುಸ್ತಕ ಇದ್ದರೆ ಸಾಕು. ಏರಿಯ ಮೇಲೆ ಗದ್ದಲ ಮಾಡದೆ ನಿಂತವರಿಗೆ ಸಾವಿರಾರು ಮೈಲಿ ಹಾರಿ ಬಂದ ಅತಿಥಿಗಳು ಹತ್ತಿರದಿಂದಲೇ ಕಾಣುತ್ತಾರೆ.

ಕಪಿಲೆಯ ದಡದ ಸುತ್ತೂರಿನಲ್ಲಿ ಜನವರಿ-ಫೆಬ್ರುವರಿಯಲ್ಲಿ ನಡೆಯುವ ಜಾತ್ರೆಯಲ್ಲಿ ದನಗಳ ಜಾತ್ರೆ, ಕುಸ್ತಿಯ ಜೊತೆಗೆ ರಂಗೋಲಿ, ಸೋಬಾನೆ ಪದ, ಭಜನೆ, ಗಾಳಿಪಟದ ಸ್ಪರ್ಧೆಗಳೂ ಇರುತ್ತವೆ. ಮನೆಯ ಅಂಗಳದಲ್ಲಿ ದಿನಾ ಬಿಡುವ ರಂಗೋಲಿಗೆ, ಮದುವೆ ಮನೆಯಲ್ಲಿ ಹಾಡುವ ಪದಕ್ಕೆ ವೇದಿಕೆ, ಬಹುಮಾನ ಸಿಗುವುದು ನಿಜಕ್ಕೂ ದೊಡ್ಡ ವಿಷಯ.

ಈ ಸೀಮೆಯ ಹಳ್ಳಿಗಳ ಅಸಲಿ ಹವ್ಯಾಸವೆಂದರೆ ಪೌರಾಣಿಕ ನಾಟಕ. ಹಗಲು ಗದ್ದೆಯಲ್ಲಿ, ಶಾಲೆಯಲ್ಲಿ, ಕಾರ್ಖಾನೆಯಲ್ಲಿ ದುಡಿದವರು ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ‘ಕುರುಕ್ಷೇತ್ರ’ದ ಮಟ್ಟು ಕಲಿಯುತ್ತಾರೆ. ಪಾತ್ರಕ್ಕೆ ಸಂಭಾವನೆ ಇಲ್ಲ. ಸೀನರಿ, ಡ್ರೆಸ್ಸು, ಲೈಟು, ಮೇಷ್ಟ್ರ ಸಂಬಳಕ್ಕೆ ಪಾತ್ರಧಾರಿಗಳೇ ಹಣ ಹಾಕುತ್ತಾರೆ. ದುರ್ಯೋಧನನೋ ಕೃಷ್ಣನೋ ಆಗಬೇಕೆಂದರೆ ಹೆಚ್ಚು ಹಾಕಬೇಕು. ಒಂದು ರಾತ್ರಿ ಕಿರೀಟ ತೊಡುವುದಕ್ಕಾಗಿ ತಿಂಗಳುಗಟ್ಟಲೆ ಅಭ್ಯಾಸ ಮಾಡುವ ಈ ಜನರ ಪ್ರೀತಿಗೆ ಯಾವ ಲಾಭದ ಲೆಕ್ಕವೂ ಇಲ್ಲ. ಇನ್ನು ತಂಬೂರಿ ಹಿಡಿದ ನೀಲಗಾರರು ಮಂಟೇಸ್ವಾಮಿ ಕಥೆಗೆ ಕೂತರೆಂದರೆ ಬೆಳಗಾಗುವವರೆಗೂ ಜನ ಕದಲುವುದಿಲ್ಲ.

ಸಂಗಮದ ಊರು

ಸುತ್ತೂರು ದಾಟಿ ತಿರುಮಕೂಡಲು ನರಸೀಪುರಕ್ಕೆ ಬಂದರೆ ಎರಡು ನದಿಗಳು ಕೂಡುವುದು ಕಣ್ಣಿಗೆ ಕಾಣುತ್ತದೆ. ಮೂರನೆಯದಾದ ಸ್ಫಟಿಕ ಸರೋವರ ಗುಪ್ತಗಾಮಿನಿ ಎಂಬ ನಂಬಿಕೆ. ಒಂದು ದಡದಲ್ಲಿ ಅಗಸ್ತ್ಯೇಶ್ವರ, ಇನ್ನೊಂದು ದಡದಲ್ಲಿ ಗುಂಜಾ ನರಸಿಂಹಸ್ವಾಮಿ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿಯಷ್ಟು ಹೆಚ್ಚು ಎಂಬ ಹೆಮ್ಮೆ ಊರಿನವರದು. 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತ ಬಂದಿದೆ. ಕೋವಿಡ್‌ನಿಂದ ಒಮ್ಮೆ ತಪ್ಪಿ, ಮತ್ತೆ 2025ರ ಫೆಬ್ರುವರಿಯಲ್ಲಿ ನಡೆಯಿತು. ಜನಜಂಗುಳಿಯ ದಿನಗಳನ್ನು ಬಿಟ್ಟರೆ ಸಂಗಮ ಶಾಂತ. ಸಂಜೆ ಸೋಪಾನದ ಮೇಲೆ ಕೂತು ಕಾಲು ಇಳಿಬಿಟ್ಟು ಮಾತಾಡುವುದು ಊರಿನ ಹಿರಿಯರ ನಿತ್ಯದ ರೂಢಿ.

ಇಲ್ಲಿ ಮನುಷ್ಯ ನೆಮ್ಮದಿ ಹುಡುಕಿದ್ದು ನಿನ್ನೆ ಮೊನ್ನೆಯಲ್ಲ. 1960ರ ಆಸುಪಾಸಿನಲ್ಲಿ ಪುರಾತತ್ವಜ್ಞ ಎಂ. ಶೇಷಾದ್ರಿ ಅವರು ನಡೆಸಿದ ಉತ್ಖನನದಲ್ಲಿ ಹೊಸ ಶಿಲಾಯುಗದ ನೆಲೆ ಬಯಲಾಯಿತು. ಕಲ್ಲಿನ ಆಯುಧ, ಮಡಕೆಗಳ ಜೊತೆ ಸಿಕ್ಕ ಒಂದು ವಸ್ತು ಸುಟ್ಟ ಮಣ್ಣಿನ ತಲೆದಿಂಬು. ಮೂರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಈ ಹೊಳೆಯ ದಡದ ಮನುಷ್ಯ ತಲೆಗೆ ಒಂದು ಆಸರೆ ಬೇಕೆಂದು ಮಣ್ಣು ಕಲಸಿದ್ದ. ಪಾತ್ರೆ, ಆಯುಧಗಳು ಅವನ ದುಡಿಮೆಯನ್ನು ಹೇಳಿದರೆ ಈ ದಿಂಬು ಅವನ ಬಿಡುವನ್ನು ಹೇಳುತ್ತದೆ.

ಪಿಟೀಲು ಚೌಡಯ್ಯನವರು ಹುಟ್ಟಿದ್ದು 1895ರಲ್ಲಿ, ಇದೇ ತಿರುಮಕೂಡಲಿನಲ್ಲಿ. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ಬೆಳೆದರು. ಮೈಕು ಇಲ್ಲದ ದಿನಗಳಲ್ಲಿ ದೊಡ್ಡ ಸಭೆಯ ಕೊನೆಯ ಸಾಲಿನವರಿಗೂ ಪಿಟೀಲು ಕೇಳಬೇಕೆಂದು ನಾಲ್ಕು ತಂತಿಗಳಿಗೆ ಮೂರು ಸೇರಿಸಿ ಏಳು ತಂತಿಯ ಪಿಟೀಲು ರೂಪಿಸಿದರು. 1957ರಲ್ಲಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಬಂತು. ತಮ್ಮ ಕೃತಿಗಳಿಗೆ ಅವರು ಇಟ್ಟುಕೊಂಡ ಅಂಕಿತ ‘ತ್ರಿಮಕುಟ’, ಹುಟ್ಟೂರಿನ ನೆನಪು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣ ಅವರ ಹೆಸರಿನಲ್ಲಿದೆ. ಸಂಗಮದ ದಡದಲ್ಲೂ ತಿಂಗಳಿಗೊಂದು ಸಂಜೆ ಅವರ ನೆನಪಿನಲ್ಲಿ ಪಿಟೀಲು ಕಛೇರಿ ನಡೆಯುವಂತಾದರೆ ಎಷ್ಟು ಚೆನ್ನ!

ಮರಳು ಮತ್ತು ಕಲ್ಲು

ನರಸೀಪುರ ತಾಲ್ಲೂಕಿನ ಇನ್ನೆರಡು ಊರುಗಳನ್ನು ಸೇರಿಸದೆ ಈ ಪರಿಚಯ ಮುಗಿಯದು. ಗಂಗರ ರಾಜಧಾನಿಯಾಗಿದ್ದ ತಲಕಾಡಿನಲ್ಲಿ ಮರಳ ದಿಬ್ಬಗಳ ನಡುವೆ ಗುಡಿಗಳನ್ನು ನೋಡುತ್ತ ಬರಿಗಾಲಲ್ಲಿ ನಡೆಯುವುದೇ ಒಂದು ಸುಖ. ಹೊಯ್ಸಳ ವಿಷ್ಣುವರ್ಧನ ಚೋಳರಿಂದ ಇದನ್ನು ಗೆದ್ದು ಕೀರ್ತಿನಾರಾಯಣ ದೇವಾಲಯ ಕಟ್ಟಿಸಿದ. ತಲಕಾಡು ಮರಳಾಗಲಿ ಎಂಬ ಅಲಮೇಲಮ್ಮನ ಶಾಪದ ಕಥೆಯನ್ನು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆಮೇಲೆ ಕಾವೇರಿಯ ದಡದಲ್ಲಿ ಬುತ್ತಿ ಬಿಚ್ಚಬೇಕು. ಪುಳಿಯೋಗರೆ, ಮೊಸರನ್ನಕ್ಕೆ ಅಲ್ಲಿನ ಗಾಳಿ ಬೇರೆಯದೇ ರುಚಿ ಕೊಡುತ್ತದೆ. ನೀರಿನಲ್ಲಿ ಗುಂಡಿ, ಸೆಳೆತ ಇರುವುದರಿಂದ ಆಳಕ್ಕೆ ಮಾತ್ರ ಇಳಿಯಬೇಡಿ.

ಸೋಮನಾಥಪುರದ ಕೇಶವ ದೇವಾಲಯ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ್ದು, 13ನೇ ಶತಮಾನದ್ದು. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಚಿತ್ರ ಬಿಡಿಸುವವರಿಗೆ ಇದು ಮುಗಿಯದ ಪಾಠಶಾಲೆ. ಮೂರ್ತಿಗಳ ಕೆಳಗೆ ಶಿಲ್ಪಿ ಮಲ್ಲಿತಮ್ಮ ಕೆತ್ತಿದ ತನ್ನದೇ ಹೆಸರನ್ನು ಹುಡುಕಿ. ತಲೆ ಎತ್ತಿ ಚಾವಣಿಗಳನ್ನು ನೋಡಿ, ಒಂದರಂತೆ ಇನ್ನೊಂದಿಲ್ಲ. ಬಾಳೆಮೊಗ್ಗಿನ ಆಕಾರದ್ದೂ ಅಲ್ಲಿದೆ.

ಹೋಗುವ ಮುನ್ನ

ಮೈಸೂರಿನಿಂದ ಎರಡೂ ಊರುಗಳಿಗೆ ಕೆಎಸ್‌ಆರ್‌ಟಿಸಿ ಬಸ್ಸುಗಳು ಬೇಕಾದಷ್ಟಿವೆ. ನಂಜನಗೂಡಿಗೆ ರೈಲೂ ಇದೆ. ತಿ. ನರಸೀಪುರ ಮೈಸೂರಿನಿಂದ ಸುಮಾರು 30 ಕಿ.ಮೀ. ದೇವಾಲಯಗಳ ಬಾಗಿಲು ಮಧ್ಯಾಹ್ನ ಕೆಲಹೊತ್ತು ಹಾಕಿರುತ್ತದೆ, ಆ ಹೊತ್ತನ್ನು ಸೇತುವೆಗೋ ಹೊಳೆದಡಕ್ಕೋ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಕಬಿನಿ ಜಲಾಶಯದಿಂದ ನೀರು ಬಿಟ್ಟಾಗ ಸ್ನಾನಘಟ್ಟಗಳು ಮುಳುಗುತ್ತವೆ, ಹೊರಡುವ ಮುನ್ನ ವಿಚಾರಿಸಿ. ಎಲ್ಲವನ್ನೂ ಒಂದೇ ದಿನ ನೋಡುವ ಆಸೆ ಬೇಡ. ಒಮ್ಮೆ ನಂಜನಗೂಡು, ಇನ್ನೊಮ್ಮೆ ನರಸೀಪುರ ಎಂದುಕೊಂಡರೆ ಎರಡೂ ದಕ್ಕುತ್ತವೆ.

ಕೊನೆಯದಾಗಿ ಒಂದು ಕೋರಿಕೆ. ಸ್ನಾನ ಮಾಡಿದವರು ಬಟ್ಟೆಯನ್ನು ನದಿಯಲ್ಲೇ ಬಿಡುವ, ಪ್ಲಾಸ್ಟಿಕ್ಕನ್ನು ದಡದಲ್ಲೇ ಎಸೆಯುವ ಅಭ್ಯಾಸ ಕಪಿಲೆಯನ್ನು ಬಹಳ ನೋಯಿಸಿದೆ. ಇಲ್ಲಿ ಹೇಳಿದ ಸಂತೋಷಗಳಲ್ಲಿ ಬಹುಪಾಲು ಈ ನೀರನ್ನೇ ನಂಬಿ ಬದುಕಿವೆ. ತಂದದ್ದನ್ನು ವಾಪಸು ಒಯ್ಯಿರಿ, ಊರಿನವರಿಂದ ಏನಾದರೂ ಕೊಳ್ಳಿರಿ, ನದಿಯನ್ನು ಶುಚಿಯಾಗಿ ಉಳಿಸಿರಿ.