ಹಳೆಯ ಹಾಲೋ ಬಾಡಿ ಗಿಟಾರ್: ನಿಮಗಿದು ಗೊತ್ತೇ?

● ಗಿಬ್ಸನ್ 1949ರಲ್ಲಿ ತಂದ ಇಎಸ್-175ರ ಮೇಲುಹಲಗೆ ಒಂದೇ ಮರದಲ್ಲಿ ಕೆತ್ತಿದ್ದಲ್ಲ, ತೆಳುಪದರ ಅಂಟಿಸಿ ಮಾಡಿದ್ದು. ಅಗ್ಗದ್ದೆಂದು ತಳ್ಳಿಹಾಕಬೇಡಿ. ಆಂಪ್ಲಿಫೈಯರ್ ಜೋರು ಮಾಡಿದಾಗ ಏಳುವ ಫೀಡ್‌ಬ್ಯಾಕ್ ಕೂಗು ಇಂಥ ಹಲಗೆಯಲ್ಲಿ ಕಡಿಮೆ.

● ಆ ಕೂಗಡಗಿಸಲು ಬಿ.ಬಿ. ಕಿಂಗ್ ತಮ್ಮ ಗಿಟಾರಿನ ರಂಧ್ರಗಳಿಗೆ ಬಟ್ಟೆ ತುರುಕುತ್ತಿದ್ದರು. 1980ರಲ್ಲಿ ಗಿಬ್ಸನ್ ಅವರಿಗಾಗಿ ರೂಪಿಸಿದ 'ಲೂಸಿಲ್' ಮಾದರಿಯಲ್ಲಿ ರಂಧ್ರಗಳೇ ಇಲ್ಲ.

● ಮಡಕೆ ಕೊಳ್ಳುವಾಗ ತಟ್ಟಿ ನೋಡುವಂತೆ ಗಿಟಾರಿನ ಹಲಗೆಯನ್ನೂ ಬೆರಳ ಗೆಣ್ಣಿನಿಂದ ತಟ್ಟಿ. ಎಲ್ಲಾದರೂ ಗರಗರ ಎಂದರೆ ಒಳಗಿನ ಆಧಾರಪಟ್ಟಿ ಅಂಟು ಬಿಟ್ಟಿರಬಹುದು. ರಂಧ್ರದಿಂದ ಟಾರ್ಚ್ ಬಿಟ್ಟು, ಪುಟ್ಟ ಕನ್ನಡಿ ಇಳಿಸಿ ನೋಡಿ.

● ಮರದ ಎಳೆಗೆ ಅಡ್ಡವಾಗಿ ಹರಡಿದ ಕೂದಲೆಳೆ ಬಿರುಕುಗಳು ಸಾಮಾನ್ಯವಾಗಿ ಹಳೆಯ ಲ್ಯಾಕರ್‌ನವು, ಹೆದರಬೇಕಿಲ್ಲ. ಎಳೆಯ ಜಾಡಿನಲ್ಲೇ ಸಾಗಿದ ಗೆರೆ ಮರವೇ ಸೀಳಿದ್ದರ ಗುರುತಾಗಿರಬಹುದು.

● ಅಂಚುಪಟ್ಟಿಯ ಹಳೆಯ ಸೆಲ್ಯುಲಾಯ್ಡ್ ಪುಡಿಪುಡಿಯಾಗುತ್ತಿದೆಯೇ? ಅದರಿಂದ ಹೊಮ್ಮುವ ಅನಿಲ ಹತ್ತಿರದ ಲೋಹದ ಭಾಗಗಳನ್ನೂ ತಿನ್ನುತ್ತದೆ. ದುರಸ್ತಿಯ ವೆಚ್ಚವನ್ನು ಬೆಲೆಯಲ್ಲಿ ಕಳೆದೇ ಮಾತಾಡಿ.

● ಇಂಥ ಹಲವು ಗಿಟಾರ್‌ಗಳ ಬ್ರಿಡ್ಜ್‌ಗೆ ಸ್ಕ್ರೂ ಇಲ್ಲ, ಅಂಟಿಲ್ಲ. ತಂತಿಗಳ ಒತ್ತಡವೇ ಅದನ್ನು ಹಿಡಿದಿಡುತ್ತದೆ. 12ನೇ ಫ್ರೆಟ್‌ನಲ್ಲಿ ಒತ್ತಿದ ಸ್ವರವೂ ಅಲ್ಲೇ ಹಗುರವಾಗಿ ಮುಟ್ಟಿದಾಗಿನ ಹಾರ್ಮೋನಿಕ್ಕೂ ಶ್ರುತಿ ಕೂಡದಿದ್ದರೆ ಮೊದಲು ಬ್ರಿಡ್ಜ್ ಸರಿಸಿ ನೋಡಿ.

● ಗಿಬ್ಸನ್‌ನ ಹಳೆಯ ಹಂಬಕರ್ ಪಿಕಪ್ ಮಲ್ಟಿಮೀಟರ್‌ನಲ್ಲಿ ಸಾಮಾನ್ಯವಾಗಿ 7ರಿಂದ 9 ಕಿಲೋಓಮ್ ತೋರಿಸುತ್ತದೆ. ವಾಲ್ಯೂಮ್ ಪೂರ್ತಿ ಏರಿಸಿ ಜಾಕ್‌ನಲ್ಲಿ ಅಳೆಯಿರಿ. ನೂರಾರು ಕಿಲೋಓಮ್ ಬಂದರೆ ಸುರುಳಿ ತುಂಡಾಗಿರುವ ಸಾಧ್ಯತೆ ಹೆಚ್ಚು.

● ವಾಲ್ಯೂಮ್ ಗುಂಡಿಯ ಕೆಳಗಿನ ಬಿಡಿಭಾಗದ ಮೇಲೆ 1376633 ಎಂದಿದ್ದರೆ 137 ತಯಾರಕ ಸಿಟಿಎಸ್‌ನ ಸಂಕೇತ, ಮಿಕ್ಕದ್ದು 1966ರ 33ನೇ ವಾರ. ಆ ಭಾಗ ಮೂಲದ್ದೇ ಆಗಿದ್ದರೆ ಗಿಟಾರ್ ಅದಕ್ಕಿಂತ ಹಳೆಯದಾಗಿರದು.

● ಬ್ರೆಜಿಲ್ ರೋಸ್‌ವುಡ್ ದುರ್ಲಭವಾದಂತೆ 1960ರ ದಶಕದಿಂದ ಅನೇಕ ಫಿಂಗರ್‌ಬೋರ್ಡ್‌ಗಳಿಗೆ ಒದಗಿದ್ದು ನಮ್ಮ ಮಲೆನಾಡಿನಲ್ಲೂ ಬೆಳೆಯುವ ಬೀಟೆ. ಬ್ರೆಜಿಲ್ ಮರ 1992ರಿಂದ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. ಆ ಮರದ ಗಿಟಾರನ್ನು ವಿದೇಶದಿಂದ ತರಿಸುವ ಮುನ್ನ ಕಾಗದಪತ್ರ ಕೇಳಿ.

● ಪ್ಲಗ್ ಹಾಕದೆ, ಪ್ರತಿ ತಂತಿಯ ಪ್ರತಿ ಫ್ರೆಟ್ಟನ್ನೂ ನಿಧಾನವಾಗಿ ನುಡಿಸಿ. ಒಂದು ಸ್ವರ ಉಬ್ಬಿದರೆ, ಇನ್ನೊಂದು ಥಟ್ಟನೆ ಸತ್ತರೆ ಗುರುತು ಹಾಕಿಕೊಳ್ಳಿ. ಪಿಕಪ್, ತಂತಿ, ಗುಂಡಿಗಳನ್ನು ನಾಳೆ ಬದಲಿಸಬಹುದು, ಒಡಲಿನ ನಾದವನ್ನಲ್ಲ. ಬೆಲೆ ಕೊಡಬೇಕಾದದ್ದು ಅದಕ್ಕೇ.