ಶುಶ್ರೂಷೆಯ ಸನ್ನದೂ ಸಂಸ್ಥಾನಗಳ ಗಡಿಯೂ

ಒಂದೇ ಪರೀಕ್ಷೆಯಲ್ಲಿ ತೇರ್ಗಡೆಯಾದ ಇಬ್ಬರು ಶುಶ್ರೂಷಕಿಯರಲ್ಲಿ ಒಬ್ಬಳಿಗೆ ರೋಗಿಯ ಮಂಚದ ಬಳಿ ನಿಲ್ಲುವ ಅಧಿಕಾರವುಂಟು, ಇನ್ನೊಬ್ಬಳಿಗೆ ಇಲ್ಲವೆಂದರೆ, ಇದಕ್ಕೆ ಕಾರಣವೇನೆಂದು ವಾಚಕರು ಕೇಳದೆ ಇರಲಾರರು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ದೂರಶಿಕ್ಷಣದ ಮೂಲಕ ಶುಶ್ರೂಷಾವಿದ್ಯೆಯನ್ನು ಕಲಿತವರ ಬಗ್ಗೆ ಎದ್ದಿರುವ ವಿವಾದವು ಇಂಥದು. ದೇಶವು ದೂರದ್ದಾದರೂ ಪ್ರಶ್ನೆಯು ದೂರದ್ದಲ್ಲ. ಮನುಷ್ಯನ ವಿದ್ಯೆಯನ್ನು ಅಳೆಯುವಾಗ ಅವನ ಯೋಗ್ಯತೆಯನ್ನು ನೋಡಬೇಕೆ, ಅವನು ನಡೆದು ಬಂದ ದಾರಿಯನ್ನು ನೋಡಬೇಕೆ?

ಅಲ್ಲಿ ಶುಶ್ರೂಷಕರಿಗೆ ಸನ್ನದು ಕೊಡುವ ಅಧಿಕಾರವು ಕೇಂದ್ರ ಸರಕಾರಕ್ಕೆ ಸೇರಿದುದಲ್ಲ. ಆಯಾ ಸಂಸ್ಥಾನದ ಮಂಡಲಿಗೆ ಸೇರಿದುದು. 1903ರಲ್ಲಿ ಉತ್ತರ ಕೆರೊಲಿನಾ ಸಂಸ್ಥಾನವು ಶುಶ್ರೂಷಕರ ನೋಂದಣಿಗೆ ಕಾನೂನನ್ನು ಮಾಡಿ ಈ ಪದ್ಧತಿಗೆ ನಾಂದಿ ಹಾಕಿತು. ಪರೀಕ್ಷೆಯು ಮಾತ್ರ ದೇಶಕ್ಕೆಲ್ಲ ಒಂದೇ. 1982ರಿಂದ ಅದನ್ನು ಎನ್‌ಕ್ಲೆಕ್ಸ್ ಎಂದು ಕರೆಯುತ್ತಾರೆ. ತೇರ್ಗಡೆಯ ಮಟ್ಟವೂ ಒಂದೇ. ಆದರೆ ಯಾವ ಬಗೆಯ ಶಿಕ್ಷಣವನ್ನು ಪಡೆದವರಿಗೆ ಸನ್ನದು ಸಲ್ಲುತ್ತದೆಂಬುದನ್ನು ಪ್ರತಿಯೊಂದು ಸಂಸ್ಥಾನವೂ ತನ್ನ ಇಚ್ಛೆಯಂತೆ ನಿರ್ಣಯಿಸಬಹುದು. ತೊಡಕು ಹುಟ್ಟುವುದು ಇಲ್ಲಿಯೇ.

ನ್ಯೂಯಾರ್ಕ್ ಸಂಸ್ಥಾನದ ವಿದ್ಯಾಧಿಕಾರಿಗಳು 1971ರಲ್ಲಿ ಕಾಲೇಜಿನ ಮೆಟ್ಟಿಲು ಹತ್ತಲಾರದವರಿಗಾಗಿ ಪದವಿಯ ಯೋಜನೆಯೊಂದನ್ನು ಪ್ರಾರಂಭಿಸಿದರು. ಮುಂದೆ ಸ್ವತಂತ್ರ ಕಾಲೇಜಾಗಿ, 2001ರಲ್ಲಿ ಎಕ್ಸೆಲ್ಸಿಯರ್ ಎಂಬ ಹೆಸರನ್ನು ತಾಳಿದ ಸಂಸ್ಥೆಯು ಅದೇ. ಅದರ ಶುಶ್ರೂಷಾ ವಿಭಾಗಕ್ಕೆ ಸೇರಿದವರು ಬಹುಮಟ್ಟಿಗೆ ಏನೂ ಅರಿಯದ ಹೊಸಬರಲ್ಲ. ಕೆಳದರ್ಜೆಯ ಸನ್ನದಿನ ಮೇಲೆ ವಾರ್ಡುಗಳಲ್ಲಿ ದುಡಿಯುತ್ತಿದ್ದ ಶುಶ್ರೂಷಕರು, ಆಂಬುಲೆನ್ಸಿನಲ್ಲಿ ತುರ್ತು ಚಿಕಿತ್ಸೆ ನೀಡುತ್ತಿದ್ದವರು, ಸೈನ್ಯದ ವೈದ್ಯಕೀಯ ಪರಿಚಾರಕರು ಅದನ್ನು ಆಶ್ರಯಿಸಿದರು. ಹಗಲು ಕೆಲಸ, ರಾತ್ರಿ ಓದು. ಒಂದೊಂದಾಗಿ ಲಿಖಿತ ಪರೀಕ್ಷೆಗಳು. ಕಡೆಯಲ್ಲಿ ಆಸ್ಪತ್ರೆಯೊಂದರಲ್ಲಿ ಎರಡೂವರೆ ದಿನಗಳ ಪ್ರಾಯೋಗಿಕ ಪರೀಕ್ಷೆ. ಈ ಪರೀಕ್ಷೆಯಲ್ಲಿ ನಿಜವಾದ ರೋಗಿಗಳನ್ನೇ ಪರೀಕ್ಷಕರ ಕಣ್ಣೆದುರಿನಲ್ಲಿ ನೋಡಿಕೊಳ್ಳಬೇಕಾಗಿತ್ತು. ಬಹುಕಾಲ ನಡೆದ ಪದ್ಧತಿಯು ಇದು.

ಕ್ಯಾಲಿಫೋರ್ನಿಯಾ ಸಂಸ್ಥಾನವು ಇದನ್ನು ಒಪ್ಪಲಿಲ್ಲ. ಪಾಠವೂ ರೋಗಿಗಳ ಬಳಿಯ ಅಭ್ಯಾಸವೂ ಒಟ್ಟೊಟ್ಟಿಗೆ, ಬೋಧಕರ ಮೇಲ್ವಿಚಾರಣೆಯಲ್ಲಿ ನಡೆಯತಕ್ಕದ್ದೆಂಬುದು ಅಲ್ಲಿನ ನಿಬಂಧನೆ. 2003ರ ಡಿಸೆಂಬರ್ ತಿಂಗಳನ್ನು ಗಡಿಯಾಗಿ ಗೊತ್ತುಮಾಡಿ, ಅನಂತರ ಆ ಕಾಲೇಜನ್ನು ಸೇರಿದವರಿಗೆ ಸನ್ನದು ಇಲ್ಲವೆಂದು ಮಂಡಲಿಯು ವಿಧಿಸಿತು. ವ್ಯಾಜ್ಯವು ನ್ಯಾಯಾಸ್ಥಾನದ ಮೆಟ್ಟಿಲನ್ನೂ ಹತ್ತಿತು. ಆದರೂ ತಡೆಯು ಉಳಿಯಿತು.

ಮಂಡಲಿಯ ಪಕ್ಷದಲ್ಲಿಯೂ ಹುರುಳಿಲ್ಲದೆ ಇಲ್ಲ. ನೀರಿಗೆ ಇಳಿಯದೆ ಈಜು ಬಾರದು. ನಾಡಿಯ ಸಣ್ಣ ಬದಲಾವಣೆಯನ್ನು ಗುರುತಿಸುವ ಬೆರಳು ಪುಸ್ತಕದಿಂದ ಹುಟ್ಟುವುದಿಲ್ಲ. ಆಂಬುಲೆನ್ಸಿನಲ್ಲಿ ಪಳಗಿದವನು ಅಪಘಾತವನ್ನು ಬಲ್ಲನು. ಬಾಣಂತಿಯನ್ನೂ ಕೂಸನ್ನೂ ಚಿತ್ತಸ್ವಾಸ್ಥ್ಯ ಕೆಟ್ಟವನನ್ನೂ ದಿನಗಟ್ಟಲೆ ನೋಡಿಕೊಂಡ ಅನುಭವವು ಅವನಿಗೆ ಇಲ್ಲದಿರಬಹುದು. ಎರಡೂವರೆ ದಿನಗಳ ಪರೀಕ್ಷೆಯು ಇದ್ದ ಕೌಶಲವನ್ನು ತೋರಿಸೀತು, ಇಲ್ಲದುದನ್ನು ಕಲಿಸಲಾರದು. ತಪ್ಪಿನ ಫಲವನ್ನು ಉಣ್ಣುವವನು ಮಾತಾಡಲಾರದ ರೋಗಿ. ಆತನ ರಕ್ಷಣೆಗಾಗಿ ಮಂಡಲಿಯು ಕಟ್ಟುನಿಟ್ಟಾಗಿದ್ದರೆ ಅದನ್ನು ನಾವು ಹಳಿಯುವುದಿಲ್ಲ.

ಆದರೆ ಕೊರತೆಯನ್ನು ತುಂಬುವುದು ಬೇರೆ, ಬಾಗಿಲನ್ನು ಮುಚ್ಚುವುದು ಬೇರೆ. ನೆಗಡಿಯಾಯಿತೆಂದು ಮೂಗನ್ನು ಕೊಯ್ದುಕೊಳ್ಳುವುದು ವಿವೇಕವಲ್ಲ. ಈ ತಡೆಯಲ್ಲಿರುವ ವಿಸಂಗತಿಯನ್ನು ನೋಡಿರಿ. ಮಾಜಿ ಸೈನಿಕರಿಗಾಗಿ ಕೇಂದ್ರ ಸರಕಾರವು ನಡೆಸುವ ಆಸ್ಪತ್ರೆಗಳಲ್ಲಿ ಯಾವ ಸಂಸ್ಥಾನದ ಸನ್ನದಾದರೂ ಸಲ್ಲುತ್ತದೆ. ಅಂಥ ಆಸ್ಪತ್ರೆಗಳು ಕ್ಯಾಲಿಫೋರ್ನಿಯಾದಲ್ಲಿಯೂ ಇವೆ. ಬೀದಿಯ ಒಂದು ಬದಿಯಲ್ಲಿ ಯೋಗ್ಯವೆನಿಸಿದ ಸನ್ನದು ಇನ್ನೊಂದು ಬದಿಯಲ್ಲಿ ಹೇಗೆ ಅಯೋಗ್ಯವಾಯಿತು? 2020ರಲ್ಲಿ ಕೋವಿಡ್ ಮಹಾಮಾರಿಯು ಎರಗಿದಾಗ ಹೊರಸಂಸ್ಥಾನಗಳ ಸನ್ನದು ಪಡೆದ ಶುಶ್ರೂಷಕರನ್ನು ಇದೇ ಕ್ಯಾಲಿಫೋರ್ನಿಯಾ ವಿಶೇಷ ಅನುಮತಿಯಿತ್ತು ಬರಮಾಡಿಕೊಂಡಿತು. 40ಕ್ಕೂ ಹೆಚ್ಚು ಸಂಸ್ಥಾನಗಳು ಒಬ್ಬರ ಸನ್ನದನ್ನು ಇನ್ನೊಬ್ಬರು ಮನ್ನಿಸುವ ಒಪ್ಪಂದಕ್ಕೆ ಸೇರಿವೆ. ಕ್ಯಾಲಿಫೋರ್ನಿಯಾ ಅದರಿಂದಲೂ ದೂರ ನಿಂತಿದೆ.

ಈ ತಡೆಯ ಭಾರವು ಯಾರ ಮೇಲೆ ಬೀಳುತ್ತದೆ? ಅನುಕೂಲಸ್ಥರ ಮಕ್ಕಳ ಮೇಲಲ್ಲ. ಸರಕಾರಿ ಕಾಲೇಜುಗಳಲ್ಲಿ ಸ್ಥಳಗಳು ಕಡಮೆ, ಕಾದಿರುವವರು ಹೆಚ್ಚು. ಮಕ್ಕಳನ್ನು ಸಾಕಲು ದಿನದ ಕೂಲಿಯನ್ನು ಬಿಡಲಾರದ ತಾಯಿಯು ಹಗಲು ತರಗತಿಗೆ ಹೋಗುವುದು ಹೇಗೆ? ಅವಳು ಸಂಬಳದಿಂದ ಉಳಿಸಿದ ಹಣವನ್ನು ಶುಲ್ಕವಾಗಿ ತೆತ್ತು, ವರ್ಷಗಳ ಓದನ್ನು ಮುಗಿಸಿ ಸನ್ನದು ಪಡೆದ ಮೇಲೆ, ಗಂಡನಿಗೆ ಕ್ಯಾಲಿಫೋರ್ನಿಯಾಕ್ಕೆ ವರ್ಗವಾದರೆ ಆ ಸನ್ನದು ಅಲ್ಲಿಯ ಬಹುಪಾಲು ಆಸ್ಪತ್ರೆಗಳಲ್ಲಿ ಬರಿಯ ಕಾಗದ. ಅವಳು ಮತ್ತೆ ಮೊದಲಿನಿಂದ ಓದಬೇಕು. ಇಲ್ಲವೆ ಕೆಳದರ್ಜೆಯ ಕೆಲಸದಲ್ಲಿಯೇ ತೃಪ್ತಳಾಗಬೇಕು.

ದಾರಿಯು ಇಲ್ಲದೆ ಇಲ್ಲ. ಜಾರ್ಜಿಯಾ ಸಂಸ್ಥಾನವು ಇಂಥವರನ್ನು ಹೊರಗಟ್ಟದೆ, ಅವರವರ ಹಿಂದಿನ ಅನುಭವಕ್ಕೆ ತಕ್ಕಂತೆ ಇಷ್ಟು ಗಂಟೆಗಳ ಕಾಲ ಅನುಭವಿಗಳ ಕೈಕೆಳಗೆ ದುಡಿಯಬೇಕೆಂದು ವಿಧಿಸಿತು. ನಮ್ಮಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ಶುಶ್ರೂಷಾ ಪದವಿಯನ್ನು ದೂರಶಿಕ್ಷಣಕ್ಕೆ ತಂದಾಗ, ಆಗಲೇ ನೋಂದಣಿಯಾಗಿ ಕೆಲಸದಲ್ಲಿದ್ದವರಿಗೆ ಮಾತ್ರ ಪ್ರವೇಶವನ್ನಿತ್ತಿತು. ಪಾಠವು ಮನೆಗೆ ಬಂದರೂ ಅಭ್ಯಾಸವನ್ನು ಆಸ್ಪತ್ರೆಯಲ್ಲಿಯೇ ಇರಿಸಿತು. ಎರಡರ ತತ್ವವೂ ಒಂದೇ: ಓದು ಎಲ್ಲಿಯಾದರೂ ಆಗಲಿ, ಕೈ ಪಳಗುವುದು ರೋಗಿಯ ಬಳಿಯಲ್ಲಿಯೇ ಆಗಲಿ.

ಆದುದರಿಂದ ನಮ್ಮ ಅಭಿಪ್ರಾಯವಿದು. ಯಾವ ವಿಭಾಗದಲ್ಲಿ ಎಷ್ಟು ಅಭ್ಯಾಸವು ಬೇಕೆಂಬುದನ್ನು ಮಂಡಲಿಗಳು ಸ್ಪಷ್ಟವಾಗಿ ಸಾರಲಿ. ಕಡಮೆ ಬಿದ್ದವರು ಅದನ್ನು ಪೂರೈಸಿಕೊಳ್ಳಲು ಆಸ್ಪತ್ರೆಗಳಲ್ಲಿ ಎಡೆ ಮಾಡಿಕೊಡಲಿ. ದೂರಶಿಕ್ಷಣದ ಕಾಲೇಜುಗಳೂ ಶುಲ್ಕವನ್ನು ಕೈಗೆ ತೆಗೆದುಕೊಳ್ಳುವ ಮುನ್ನವೇ ತಮ್ಮ ಪದವಿಯು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದನ್ನು ದೊಡ್ಡ ಅಕ್ಷರಗಳಲ್ಲಿ ತಿಳಿಸಲಿ. ಪರಿಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶೌಚ ಎಂಬ ನಾಲ್ಕು ಗುಣಗಳಿರಬೇಕೆಂದು ನಮ್ಮ ಚರಕಾಚಾರ್ಯರು ಬಹುಹಿಂದೆಯೇ ಎಣಿಸಿದ್ದಾರೆ. ಈ ನಾಲ್ಕರಲ್ಲಿ ಒಂದು ಕಡಮೆಯಾದರೂ ಸನ್ನದನ್ನು ತಡೆಯಲಿ. ನಾಲ್ಕೂ ಇದ್ದವರನ್ನು ಗಡಿಯಲ್ಲಿ ನಿಲ್ಲಿಸಿದರೆ ನಷ್ಟವು ಅವರದಷ್ಟೇ ಅಲ್ಲ, ಮಂಚದ ಮೇಲೆ ಕಾದು ಮಲಗಿರುವ ರೋಗಿಯದು.