ಕುಬ್ಜ ಗ್ಯಾಲಕ್ಸಿಯ ನಡುವೆ ಎಳೆಯ ನಕ್ಷತ್ರಗಳು

ತಪ್ಪು ಕಲ್ಪನೆ: ಕುಬ್ಜ ಗ್ಯಾಲಕ್ಸಿ ಎಂದರೆ ನಮ್ಮ ಆಕಾಶಗಂಗೆಯ ಪುಟ್ಟ ಪ್ರತಿ. ನಡುವೆ ಹಳೆಯ ನಕ್ಷತ್ರಗಳು, ಅಂಚಿನಲ್ಲಿ ಹೊಸವು.

ಸತ್ಯ: ಎಷ್ಟೋ ಕುಬ್ಜ ಗ್ಯಾಲಕ್ಸಿಗಳಲ್ಲಿ ಇದು ತಿರುವುಮುರುವು. ಅವುಗಳ ಗುರುತ್ವ ದುರ್ಬಲ. ಸೂಪರ್‌ನೋವಾಗಳು ಸಿಡಿದಂತೆಲ್ಲ ಅಂಚಿನ ಅನಿಲ ಮೊದಲು ಕೈಬಿಟ್ಟುಹೋಗುತ್ತದೆ. ಬೇಸಿಗೆಯ ಕೆರೆಯಲ್ಲಿ ದಡ ಮೊದಲು ಒಣಗಿ ನಡುವಿನ ಗುಂಡಿಯಲ್ಲಿ ನೀರು ನಿಲ್ಲುವುದಿಲ್ಲವೇ, ಹಾಗೆ. ಅನಿಲ ಉಳಿದಲ್ಲೇ ಹೊಸ ನಕ್ಷತ್ರ. ದೇವಯಾನಿ ಗ್ಯಾಲಕ್ಸಿಯ ಸಂಗಾತಿ ಎನ್‌ಜಿಸಿ 205ರ ಮೈಯೆಲ್ಲ ಹಳೆಯ ಕೆಂಪು ನಕ್ಷತ್ರಗಳು. 1944ರಲ್ಲಿ ಖಗೋಳಜ್ಞ ವಾಲ್ಟರ್ ಬಾಡೆ ಅವನ್ನು ಬಿಡಿಬಿಡಿಯಾಗಿ ಕಂಡರು. ಆದರೆ ಅದರ ನಟ್ಟನಡುವೆ ನೀಲಿ, ಎಳೆಯ ನಕ್ಷತ್ರಗಳಿವೆ.

ತಪ್ಪು ಕಲ್ಪನೆ: ಹಾಗಿದ್ದರೆ ನಡುವೆ ಇರುವುದೆಲ್ಲ ಹೊಸದೇ.

ಸತ್ಯ: ಅದೂ ಅಲ್ಲ. ಧನು ರಾಶಿಯ ದಿಕ್ಕಿನಲ್ಲಿ ಖಗೋಳಜ್ಞ ಮೆಸಿಯೆ 1778ರಲ್ಲಿ ತಮ್ಮ ಪಟ್ಟಿಗೆ ಸೇರಿಸಿದ ಎಂ54 ಎಂಬ ನಕ್ಷತ್ರಗುಚ್ಛ ಇದೆ. ಇನ್ನೂರಕ್ಕೂ ಹೆಚ್ಚು ವರ್ಷ ಅದನ್ನು ನಮ್ಮ ಆಕಾಶಗಂಗೆಯದೇ ಗೋಳಗುಚ್ಛ, ಅಂದರೆ ಚೆಂಡಿನಂತೆ ಒತ್ತಾದ ನಕ್ಷತ್ರಗಳ ಗುಂಪು, ಎಂದುಕೊಂಡಿದ್ದರು. 1994ರಲ್ಲಿ ಧನು ಕುಬ್ಜ ಗ್ಯಾಲಕ್ಸಿ ಪತ್ತೆಯಾದ ಮೇಲೆ, ಇದು ಅದರ ನಡುವೆಯೇ ಕೂತಿದೆ ಎಂದು ತಿಳಿಯಿತು. ಒಂದೊಂದೇ ನಕ್ಷತ್ರದ ಬೆಳಕನ್ನು ಬಿಡಿಸಿ ನೋಡಿದರೆ ಅಲ್ಲಿ ಹಲವು ತಲೆಮಾರು: ಸುಮಾರು 1,200 ಕೋಟಿ ವರ್ಷದ, ಲೋಹಾಂಶ ಕಡಿಮೆಯಿರುವ ಹಿರಿಯರು, ಇನ್ನೂರು ಕೋಟಿ ವರ್ಷದ ಆಸುಪಾಸಿನ, ಲೋಹ ಹೆಚ್ಚಿರುವ ಕಿರಿಯರು. ನಡುವಿಗೆ ಹೆಚ್ಚು ಒತ್ತಿಕೊಂಡಿರುವವರು ಕಿರಿಯರೇ.

ತಪ್ಪು ಕಲ್ಪನೆ: ಇದೆಲ್ಲ ಹಬಲ್, ವೆಬ್ ದೂರದರ್ಶಕಗಳ ಕೆಲಸ, ನಮ್ಮ ಕಡೆಯದಲ್ಲ.

ಸತ್ಯ: ಹೈದರಾಬಾದಿನ ಸನತ್‌ನಗರಕ್ಕೆ ಹತ್ತಿರದ ಬೇಗಂಪೇಟೆಯ ನಿಜಾಮಿಯಾ ವೀಕ್ಷಣಾಲಯ, ಕಳೆದ ಶತಮಾನದ ಮೊದಲ ದಶಕಗಳಲ್ಲೇ ಜಾಗತಿಕ ನಕ್ಷತ್ರಪಟ್ಟಿಗಾಗಿ ಆಕಾಶದ ಫೋಟೋ ತೆಗೆದಿತ್ತು. ಅಲ್ಲಿ ಕೆಲಸಕ್ಕಿದ್ದವರ ಮಗ ವೇಣು ಬಾಪು ಮುಂದೆ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಕಟ್ಟಿದರು. 2015ರಲ್ಲಿ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಹಾರಿದ ಅತಿನೇರಳೆ ದೂರದರ್ಶಕ ಸಜ್ಜಾದದ್ದು ಅದೇ ಸಂಸ್ಥೆಯ ಮುಂದಾಳತ್ವದಲ್ಲಿ. ಆ ದೂರದರ್ಶಕ ದೂರದ 11 ನೀಲಿ ಕುಬ್ಜ ಗ್ಯಾಲಕ್ಸಿಗಳ ಅಂಚಿನಲ್ಲಿ ಎಳೆಯ ನಕ್ಷತ್ರಗಳ ಗೊಂಚಲುಗಳನ್ನು ಕಂಡಿತು. ಫಲಿತಾಂಶ 2022ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಅಂಚಿನಲ್ಲಿ ಅನಿಲ ಸಿಕ್ಕರೆ ಅಲ್ಲೂ ನಕ್ಷತ್ರ ಹುಟ್ಟುತ್ತದೆ, ಹುಟ್ಟಿದ ಗೊಂಚಲು ಮೆಲ್ಲಗೆ ನಡುವಿನತ್ತ ಸರಿಯುತ್ತದೆ ಎಂಬುದು ಅದರ ತಾತ್ಪರ್ಯ.

ಎಂ54 ನೋಡುವ ಆಸೆಯಿದ್ದರೆ ಮಳೆಗಾಲಕ್ಕೆ ಮೊದಲು, ಏಪ್ರಿಲ್ ಕೊನೆಯ ಬೆಳಗಿನ ಜಾವ ನಾಲ್ಕರ ಸುಮಾರಿಗೆ ದಕ್ಷಿಣಕ್ಕೆ ಬೈನಾಕ್ಯುಲರ್ ಹಿಡಿಯಿರಿ. ಸನತ್‌ನಗರದ ಬೀದಿದೀಪಗಳ ನಡುವೆ ಅದು ಕಾಣುವುದಿಲ್ಲ. ಊರು ದಾಟಿ ಹೋಗಬೇಕು.